ಜಾರುವ ಸೈಕಲ್ ಹ್ಯಾಂಡಲ್: ತಗಡು, ಬೋಲ್ಟು, ಉಪ್ಪುಕಾಗದದ ರಿಪೇರಿ

ಹ್ಯಾಂಡಲ್ ಜಾರುತ್ತಿದೆ ಅಂದಾಗ ಮೊದಲು ನೋಡಬೇಕಾದದ್ದು ಅದು ಯಾವ ಕಡೆಗೆ ಜಾರುತ್ತಿದೆ ಎಂದು. ಗುಂಡಿಗೆ ಇಳಿದಾಗಲೋ ಬ್ರೇಕ್ ಹಿಡಿದು ಮೈಭಾರ ಮುಂದಕ್ಕೆ ಬಂದಾಗಲೋ ಗ್ರಿಪ್ಪುಗಳು ಕೆಳಕ್ಕೆ ತಿರುಗಿದರೆ ತೊಂದರೆ ಇರುವುದು ಸ್ಟೆಮ್ಮಿನ, ಅಂದರೆ ಹ್ಯಾಂಡಲನ್ನು ಮುಂದಿನ ಚಕ್ರದ ಕವಲಿಗೆ (ಫೋರ್ಕಿಗೆ) ಜೋಡಿಸುವ ತುಂಡಿನ, ತುದಿಯಲ್ಲಿ ಹ್ಯಾಂಡಲನ್ನು ಹಿಡಿದಿರುವ ಕ್ಲಾಂಪಿನಲ್ಲಿ. ಹಾಗಲ್ಲದೆ ಮುಂದಿನ ಚಕ್ರ ನೇರವಾಗಿದ್ದೂ ಹ್ಯಾಂಡಲ್ ಎಡಕ್ಕೋ ಬಲಕ್ಕೋ ಓರೆಯಾದರೆ, ಸ್ಟೆಮ್ ಫೋರ್ಕಿನ ಕೊಳವೆಯೊಳಗೆ ತಿರುಗುತ್ತಿದೆ ಎಂದರ್ಥ. ಎರಡಕ್ಕೂ ಮದ್ದು ಬೇರೆ. ಕಪ್ಪು ದೊಡ್ಡ ಸೈಕಲ್ಲುಗಳಲ್ಲಿ, ಅಂದರೆ ಕಡ್ಡಿ ಬ್ರೇಕಿನವುಗಳಲ್ಲಿ, ಹ್ಯಾಂಡಲ್ಲೂ ಸ್ಟೆಮ್ಮೂ ಸಾಮಾನ್ಯವಾಗಿ ಒಂದೇ ತುಂಡಾಗಿ ಬೆಸೆದಿರುತ್ತವೆ. ಅಲ್ಲಿ ಮೊದಲನೇ ತೊಂದರೆ ಬರುವುದೇ ಇಲ್ಲ, ಎರಡನೆಯದು ಮಾತ್ರ.

ಇಲ್ಲಿ ಬೆಂಚಿನ ಮೇಲಿರುವುದು ಊರಲ್ಲೆಲ್ಲ ಕಾಣುವ ಮಾದರಿ: ಕ್ರೋಮ್ ಹೊಳಪಿನ ಉಕ್ಕಿನ ಹ್ಯಾಂಡಲ್, ಒಂದೇ ಬೋಲ್ಟಿನ ಉಕ್ಕಿನ ಸ್ಟೆಮ್, ಗ್ರಿಪ್ಪುಗಳು ಕ್ಲಾಂಪಿಗಿಂತ ಹಿಂದಕ್ಕೆ ಬಾಗಿ ಬಂದಿರುವ ಆಕಾರ. ಈ ಆಕಾರವೇ ಅರ್ಧ ಕಾರಣ. ಕ್ಲಾಂಪಿನಿಂದ 18 ಸೆಂ.ಮೀ. ಹಿಂದೆ ಇರುವ ಗ್ರಿಪ್ಪಿಗೆ 10 ಕೆಜಿ ಚೀಲ ನೇತುಹಾಕಿದರೆ ಸುಮಾರು 18 ನ್ಯೂಟನ್ ಮೀಟರ್ ತಿರುಚು ಬಲ ಬೀಳುತ್ತದೆ. ಎರಡೂ ಕಡೆ ಹಾಕಿದರೆ 35. ಇದು ನಿಂತ ಸೈಕಲ್ಲಿನ ಲೆಕ್ಕ. ರಸ್ತೆ ಉಬ್ಬು ಹಾರಿದಾಗ ಅದೇ ಚೀಲ ಇದಕ್ಕಿಂತ ಹೆಚ್ಚು ಎಳೆಯುತ್ತದೆ. ನೇರ ಹ್ಯಾಂಡಲ್ ಇದ್ದ ಸೈಕಲ್ಲಿನಲ್ಲಿ ಈ ಬಲ ತೀರಾ ಕಡಿಮೆ.

ಜಾರುವ ಹ್ಯಾಂಡಲ್ಲಿಗೆ ಎಲ್ಲರೂ ಮೊದಲು ಮಾಡುವುದು ಟ್ಯೂಬಿನ ರಬ್ಬರ್ ತುಂಡು ಸಿಕ್ಕಿಸುವುದು. ಅದು ನಿಲ್ಲುವುದಿಲ್ಲ. ಕ್ಲಾಂಪಿನ ಒತ್ತಡದಲ್ಲಿ ರಬ್ಬರ್ ಬದಿಗಳಿಂದ ಹರಿದು ಹೊರಬರುತ್ತಾ ಇರುತ್ತದೆ, ಅದು ತೆಳುವಾದಷ್ಟೂ ಬೋಲ್ಟ್ ಸಡಿಲ. ಇವತ್ತು ಬಿಗಿ ಅನ್ನಿಸಿದ್ದು ನಾಲ್ಕು ದಿನಕ್ಕೆ ಮತ್ತೆ ಜಾರುತ್ತದೆ. ಹಿಡಿತಕ್ಕೆ ಬೇಕಾದದ್ದು ಮೂರು: ಬಾರಿನ (ಹ್ಯಾಂಡಲ್ ಕೊಳವೆಯ) ಅಳತೆಯೂ ಕ್ಲಾಂಪಿನ ಅಳತೆಯೂ ಕೂಡಿಬರಬೇಕು, ಬೋಲ್ಟ್ ನಿಜವಾಗಿ ಎಳೆಯಬೇಕು, ಲೋಹ ಲೋಹವನ್ನು ಕಚ್ಚಬೇಕು. ಈ ಮೂರರಲ್ಲಿ ಯಾವುದು ಕಡಿಮೆ ಎಂದು ಗೊತ್ತಾಗುವವರೆಗೆ ಬಾರಿಗೆ ಸುತ್ತಲು ತಗಡು ಕತ್ತರಿಸಲು ಹೋಗಬೇಡಿ.

ಮೊದಲು ಬೋಲ್ಟ್

ಕ್ಲಾಂಪಿನ ಬೋಲ್ಟ್ ಹೆಚ್ಚಾಗಿ 8 ಮಿ.ಮೀ. ದಪ್ಪದ್ದು, 13ರ ಸ್ಪ್ಯಾನರ್ ಅಥವಾ 6ರ ಅಲನ್ ಕೀ ಕೂರುತ್ತದೆ. ಪೂರ್ತಿ ಬಿಚ್ಚಿ ಹೊರತೆಗೆಯಿರಿ. ಥ್ರೆಡ್ಡಿನಲ್ಲಿ ತುಕ್ಕು ಇದ್ದರೆ ನಿಮ್ಮ ಸ್ಪ್ಯಾನರ್ ಹಾಕುವ ಬಲದ ಬಹುಪಾಲು ಆ ತುಕ್ಕಿನ ಉಜ್ಜಾಟಕ್ಕೇ ಹೋಗುತ್ತಿರುತ್ತದೆ. ಲೆಕ್ಕ ಹೀಗೆ: 20 ನ್ಯೂಟನ್ ಮೀಟರಿಗೆ ಬಿಗಿ ಮಾಡಿದಾಗ ಒಣಗಿದ, ಶುಭ್ರವಾದ ಬೋಲ್ಟ್ ಸುಮಾರು 1,250 ಕೆಜಿ ಬಲದಿಂದ ಕ್ಲಾಂಪನ್ನು ಎಳೆಯುತ್ತದೆ. ತುಕ್ಕು ಹಿಡಿದದ್ದು 700ರ ಆಸುಪಾಸಿನಲ್ಲೇ ನಿಂತುಬಿಡುತ್ತದೆ. ಥ್ರೆಡ್ಡಿಗೂ ಬೋಲ್ಟಿನ ತಲೆಯ ಅಡಿಗೂ ಗ್ರೀಸ್ ಸವರಿದ್ದು 1,600 ದಾಟುತ್ತದೆ. ಅದೇ ಕೈ, ಅದೇ ಸ್ಪ್ಯಾನರ್, ಎರಡು ಪಟ್ಟಿಗಿಂತ ಹೆಚ್ಚು ಹಿಡಿತ. ಗ್ರೀಸ್ ಅಂದರೆ ಜಾರುತ್ತದೆ ಎಂದು ಹೆದರಿ ಬೋಲ್ಟಿಗೆ ಹಾಕದೆ ಬಿಡುವುದು ತಪ್ಪು. ಗ್ರೀಸ್ ಇರಬಾರದ್ದು ಬಾರಿನ ಮೇಲೆ, ಇರಲೇಬೇಕಾದ್ದು ಥ್ರೆಡ್ಡಿನಲ್ಲಿ.

ಇನ್ನೊಂದು ಲಕ್ಷಣ: ಬೋಲ್ಟ್ ತಿರುಗುತ್ತಲೇ ಇರುತ್ತದೆ, ಆದರೆ ಬಿಗಿ ಏರುವುದಿಲ್ಲ. ಬೋಲ್ಟ್ ಹಿಗ್ಗುತ್ತಿದೆ ಅಥವಾ ಥ್ರೆಡ್ ಕಿತ್ತು ಬರುತ್ತಿದೆ. ತಲೆಯ ಮೇಲೆ 4.6 ಎಂದು ಇರುವ ಅಥವಾ ಏನೂ ಬರೆಯದ ಮೆದು ಬೋಲ್ಟ್ ಸುಮಾರು 800 ಕೆಜಿ ಎಳೆತಕ್ಕೇ ಸೋಲುತ್ತದೆ, ಅಂದರೆ ನಮಗೆ ಬೇಕಾದ ಬಲ ಅದರಿಂದ ಸಿಗುವುದೇ ಇಲ್ಲ. 8.8 ಎಂದು ಬರೆದಿರುವುದು 2,000 ಕೆಜಿಗಿಂತ ಹೆಚ್ಚು ತಾಳುತ್ತದೆ. ಹಳೆಯ ಬೋಲ್ಟನ್ನು ಹಾರ್ಡ್‌ವೇರ್ ಅಂಗಡಿಗೆ ಒಯ್ದು ಅದೇ ಉದ್ದದ 8.8 ಬೋಲ್ಟ್, ಅದೇ ದರ್ಜೆಗೆ ಹೊಂದುವ ನಟ್ಟು, ಒಂದು ದಪ್ಪ ವಾಷರ್ ತನ್ನಿ. ಹಳೆಯದರ ತಲೆಯಡಿ ಚೌಕ ಕುತ್ತಿಗೆ ಇದ್ದು ಅದು ಕ್ಲಾಂಪಿನ ಕಿವಿಯೊಳಗೆ (ಬೋಲ್ಟ್ ಹಾಯುವ ಚಾಚಿನೊಳಗೆ) ಕೂರುವಂಥದ್ದಾಗಿದ್ದರೆ, ಹೊಸದು ಸಾದಾ ತಲೆಯದ್ದಾದರೂ ನಡೆಯುತ್ತದೆ. ಆಗ ಎರಡು ಸ್ಪ್ಯಾನರ್ ಬೇಕು, ಒಂದು ತಲೆಗೆ, ಒಂದು ನಟ್ಟಿಗೆ.

20 ನ್ಯೂಟನ್ ಮೀಟರ್ ಅಂದರೆ ಎಷ್ಟು ಎಂದು ಟಾರ್ಕ್ ಸ್ಪ್ಯಾನರ್ ಇಲ್ಲದವರಿಗೆ: 15 ಸೆಂ.ಮೀ. ಉದ್ದದ ಸ್ಪ್ಯಾನರಿನ ತುದಿಯಲ್ಲಿ 13-14 ಕೆಜಿ ಎಳೆತ. ಕೊಕ್ಕೆ ಇರುವ ಸ್ಪ್ರಿಂಗ್ ತಕ್ಕಡಿ ಇದ್ದರೆ ಅದನ್ನು ಸ್ಪ್ಯಾನರ್ ತುದಿಗೆ ಸಿಕ್ಕಿಸಿ ಎಳೆದು ನೋಡಬಹುದು. ಇದು ಉಕ್ಕಿನ ಸ್ಟೆಮ್ಮಿನ ಲೆಕ್ಕ. ಅಲ್ಯೂಮಿನಿಯಂ ಸ್ಟೆಮ್ಮಿನ ಮೇಲೆ ಸಂಖ್ಯೆ ಕೊರೆದಿದ್ದರೆ ಅದನ್ನು ಮೀರಬೇಡಿ. ಸ್ಪ್ಯಾನರಿಗೆ ಪೈಪ್ ತೊಡಿಸಿ ಬಿಗಿ ಮಾಡುವ ಅಭ್ಯಾಸವಂತೂ ಬೇಡ. ಹೋದ ಥ್ರೆಡ್ಡುಗಳಲ್ಲಿ ಹೆಚ್ಚಿನವು ಹೋಗುವುದೇ ಹಾಗೆ.

ಸೀಳು ಮುಚ್ಚಿದೆಯೇ?

ಬೋಲ್ಟ್ ಸರಿ ಮಾಡಿ ಬಿಗಿದ ಮೇಲೆ ಕ್ಲಾಂಪಿನ ಎರಡು ಕಿವಿಗಳ ನಡುವಿನ ಸೀಳನ್ನು ಬೆಳಕಿಗೆ ಹಿಡಿದು ನೋಡಿ. ಕಿವಿಗಳು ಒಂದಕ್ಕೊಂದು ತಾಗಿದ್ದರೆ ಇನ್ನೆಷ್ಟು ಬಿಗಿದರೂ ಬಲ ಬಾರಿಗೆ ತಲುಪದು, ಕಿವಿಗಳೇ ಒಂದನ್ನೊಂದು ಒತ್ತಿಕೊಂಡು ಕೂರುತ್ತವೆ. ಬಾರು ತೆಳುವಾಯಿತು ಅಥವಾ ಕ್ಲಾಂಪು ಹಿಗ್ಗಿತು ಎಂದು ಇದರ ಅರ್ಥ. ತಗಡಿನ ಪಟ್ಟಿ ಬೇಕಾಗುವುದು ಇಲ್ಲಿ, ಇಲ್ಲಿ ಮಾತ್ರ. ಬಿಗಿದ ಮೇಲೂ ಸೀಳು 2 ಮಿ.ಮೀ. ತೆರೆದಿದ್ದರೆ ಅಳತೆ ಸರಿಯಿದೆ, ತಗಡಿನಿಂದ ಏನೂ ಪ್ರಯೋಜನವಿಲ್ಲ. ಮುಂದಿನ ‘ಅಳತೆ ಸರಿ, ಆದರೂ ಜಾರುತ್ತದೆ’ ಎಂಬ ಭಾಗಕ್ಕೆ ಹೋಗಿ.

ಎಷ್ಟು ದಪ್ಪದ ತಗಡು? ವರ್ನಿಯರ್ (ಸೂಕ್ಷ್ಮ ಅಳತೆಯ ಸಾಧನ) ಇಲ್ಲದೆಯೂ ಗೊತ್ತಾಗುತ್ತದೆ. ಪಟ್ಟಿಯ ದಪ್ಪ ಬಾರಿನ ವ್ಯಾಸಕ್ಕೆ ಎರಡು ಸಲ ಸೇರುತ್ತದೆ, ವ್ಯಾಸ ಹೆಚ್ಚಿದಷ್ಟಕ್ಕೆ 3.14 ಪಟ್ಟು ಸುತ್ತಳತೆ ಹೆಚ್ಚುತ್ತದೆ, ಸೀಳು ಅಷ್ಟೇ ತೆರೆದುಕೊಳ್ಳುತ್ತದೆ. ಒಟ್ಟಿನಲ್ಲಿ ಪ್ರತಿ 0.1 ಮಿ.ಮೀ. ತಗಡಿಗೆ ಸೀಳು 0.6 ಮಿ.ಮೀ. ತೆರೆಯುತ್ತದೆ. ಕಿವಿಗಳು ಆಗಷ್ಟೇ ತಾಗುತ್ತಿದ್ದು ಬಾರು ಅಲ್ಲಾಡದೆ ಜಾರುತ್ತಿದ್ದರೆ, 2 ಮಿ.ಮೀ. ಸೀಳು ಮರಳಿ ಪಡೆಯಲು 0.3 ಮಿ.ಮೀ. ದಪ್ಪ ಸಾಕು. ಕಿವಿ ತಾಗಿದ ಮೇಲೂ ಬಾರು ಗಡಗಡ ಅಲ್ಲಾಡಿದರೆ ಮೊದಲು ಆ ಸಡಿಲವನ್ನು ಅಳೆಯಬೇಕು. ಅದಕ್ಕೆ ನೋಟ್‌ಬುಕ್ ಅಥವಾ ಜೆರಾಕ್ಸ್ ಕಾಗದ ಒಳ್ಳೆಯ ಸಾಧನ, ಒಂದು ಹಾಳೆ ಹೆಚ್ಚು ಕಡಿಮೆ 0.1 ಮಿ.ಮೀ. ದಪ್ಪ. ಬಾರಿಗೆ ಒಂದು ಸುತ್ತು, ಎರಡು ಸುತ್ತು ಎಂದು ಕಾಗದ ಸುತ್ತಿ ಕ್ಲಾಂಪ್ ಬಿಗಿದು ನೋಡಿ. ಅಲ್ಲಾಡುವುದು ನಿಂತು ಸೀಳು ತೆರೆದು ಉಳಿದಾಗ ಸುತ್ತಿದ ಪದರಗಳನ್ನು ಎಣಿಸಿದರೆ ತಗಡಿನ ದಪ್ಪ ಸಿಕ್ಕಿತು. ಕಾಗದ ಅಳತೆಗೆ ಮಾತ್ರ, ಅದನ್ನೇ ಒಳಗೆ ಬಿಡಬೇಡಿ. ಒಂದು ಮಳೆಗೆ ಮುದ್ದೆಯಾಗುತ್ತದೆ.

ತಂಪು ಪಾನೀಯದ ಅಲ್ಯೂಮಿನಿಯಂ ಡಬ್ಬಿಯ ಗೋಡೆ ಸುಮಾರು 0.1 ಮಿ.ಮೀ. ಕತ್ತರಿಯಲ್ಲಿ ಕಾಗದದಂತೆ ಕತ್ತರಿಸಬಹುದು, ಆದ್ದರಿಂದಲೇ ಎಲ್ಲರ ಕೈ ಅದಕ್ಕೆ ಹೋಗುತ್ತದೆ. ಒಂದು ಪದರ ಸಾಕಾಗುವ ಕಡೆ ಬಳಸಿ. ಹೊರಗಿನ ಬಣ್ಣ, ಒಳಗಿನ ಪ್ಲಾಸ್ಟಿಕ್ ಲೇಪ ಎರಡೂ ಜಾರುತ್ತವೆ, 120 ನಂಬರ್ ಉಪ್ಪುಕಾಗದದಿಂದ ಬಿಳಿ ಲೋಹ ಕಾಣುವವರೆಗೆ ಉಜ್ಜಿ. ಮೂರು ಪದರ ಬೇಕಾದ ಕಡೆ ಡಬ್ಬಿ ಬೇಡ, ಪದರಗಳು ತಮ್ಮತಮ್ಮಲ್ಲೇ ಜಾರುತ್ತವೆ. ಅಲ್ಲಿಗೆ ಅಡುಗೆ ಎಣ್ಣೆಯ ತಗಡಿನ ಡಬ್ಬಿ ಸರಿ. ಅದು ತವರ ಲೇಪಿಸಿದ ಉಕ್ಕು, 0.2ರಿಂದ 0.3 ಮಿ.ಮೀ. ಇರುತ್ತದೆ, ಒಂದೇ ಪದರದಲ್ಲಿ ಕೆಲಸ ಮುಗಿಯುತ್ತದೆ. ಮಂಗಳೂರು, ಕಾರವಾರದ ಕಡೆ ಉಪ್ಪುಗಾಳಿಯಲ್ಲಿ ಉಕ್ಕಿನ ಬಾರಿಗೆ ಅಲ್ಯೂಮಿನಿಯಂ ಪಟ್ಟಿ ಹಾಕಿದರೆ ಎರಡು ಲೋಹಗಳ ನಡುವೆ ಬಿಳಿ ಪುಡಿ ಕಟ್ಟಿ ಪಟ್ಟಿ ತಿಂದುಹೋಗುತ್ತದೆ. ಕರಾವಳಿಯವರು ತಗಡಿನ ಡಬ್ಬಿಯನ್ನೇ ಆರಿಸಿಕೊಳ್ಳಿ.

ಪಟ್ಟಿಯ ಅಳತೆ: ಬಾರಿನ ನಡುಭಾಗ 25.4 ಮಿ.ಮೀ. ಇದ್ದರೆ ಸುತ್ತಳತೆ ಸುಮಾರು 80. ಪಟ್ಟಿಯ ಉದ್ದ 75 ಮಿ.ಮೀ. ಇರಲಿ, ಉಳಿದ 5 ಮಿ.ಮೀ. ಸೀಳಿನ ಎದುರಿಗೆ ಬರಬೇಕು. ಅಗಲ ಕ್ಲಾಂಪಿನಷ್ಟು, ಅದರ ಮೇಲೆ 2 ಮಿ.ಮೀ. ಹೆಚ್ಚು. ಪಟ್ಟಿಯ ತುದಿಗಳು ಒಂದರ ಮೇಲೊಂದು ಏರಲೇಬಾರದು. ಏರಿದ ಕಡೆ ದಪ್ಪ ಎರಡರಷ್ಟಾಗಿ, ಇಡೀ ಒತ್ತಡ ಆ ಒಂದು ಗೆರೆಯ ಮೇಲೆ ಬಿದ್ದು, ಉಳಿದ ಸುತ್ತೆಲ್ಲ ಗಾಳಿ ಇರುತ್ತದೆ. ಬಿಗಿ ಎನಿಸಿಯೂ ಮತ್ತೆ ಜಾರುವ ತಗಡಿನ ರಿಪೇರಿಯನ್ನು ಬಿಚ್ಚಿ ನೋಡಿದರೆ ಹೆಚ್ಚಾಗಿ ಕಾಣುವುದು ಈ ಏರುಪೇರೇ. ನಾಲ್ಕು ಮೂಲೆಗಳನ್ನು ಕತ್ತರಿಯಲ್ಲಿ ದುಂಡು ಮಾಡಿ, ಅಂಚನ್ನು ಅರದಿಂದ ಒಮ್ಮೆ ಸವರಿ. ಎಣ್ಣೆ ಡಬ್ಬಿಯ ಅಂಚು ಬೆರಳನ್ನು ಆಳವಾಗಿ ಕೊಯ್ಯುತ್ತದೆ, ಕೈಗವಸು ಹಾಕಿಕೊಳ್ಳಿ. ಕತ್ತರಿಸಿದ ಪಟ್ಟಿಯನ್ನು ಬಾರಿಗಿಂತ ಕಡಿಮೆ ದಪ್ಪದ ಪೈಪಿಗೆ ಸುತ್ತಿ ಒತ್ತಿದರೆ ಸುರುಳಿ ಆಕಾರ ಬಂದು ಬಾರಿಗೆ ತಾನೇ ಅಪ್ಪಿಕೊಳ್ಳುತ್ತದೆ.

ಒಳಗೆ ಕೂರಿಸುವುದು

ಒಂದೇ ಬೋಲ್ಟಿನ ಕ್ಲಾಂಪ್ ತೆರೆದು ಬಾರನ್ನು ಎತ್ತಲಾಗದು, ಬದಿಯಿಂದ ಎಳೆಯಬೇಕು. ಒಂದು ಕಡೆಯ ಗ್ರಿಪ್, ಬ್ರೇಕ್ ಲಿವರ್, ಬೆಲ್ ತೆಗೆಯಿರಿ. ಗ್ರಿಪ್ಪಿನ ಅಂಚಿಗೆ ಸ್ಕ್ರೂಡ್ರೈವರ್ ತೂರಿಸಿ ಸೋಪಿನ ನೀರು ಬಿಟ್ಟು ತಿರುಗಿಸಿದರೆ ಬರುತ್ತದೆ. ಎಣ್ಣೆ ಬಿಟ್ಟರೆ ಇನ್ನೂ ಬೇಗ ಬರುತ್ತದೆ ನಿಜ, ಆದರೆ ಮರಳಿ ಹಾಕಿದಾಗ ಗ್ರಿಪ್ಪೇ ಕೈಯಲ್ಲಿ ತಿರುಗುತ್ತದೆ. ಬಾಗಿದ ಬಾರು ಕ್ಲಾಂಪಿನೊಳಗೆ ಹಾಯುವಾಗ ಬಾಗಿನಲ್ಲಿ ಸಿಕ್ಕಿಕೊಂಡರೆ ಕ್ಲಾಂಪನ್ನು ಸ್ವಲ್ಪ ಅಗಲಿಸಬೇಕಾಗುತ್ತದೆ. ಒಂದು ಕಿವಿಯಲ್ಲೇ ಥ್ರೆಡ್ ಇರುವ ಸ್ಟೆಮ್ ಆದರೆ ಉಪಾಯವಿದೆ: ಬೋಲ್ಟನ್ನು ಥ್ರೆಡ್ಡಿರುವ ಕಡೆಯಿಂದ ಉಲ್ಟಾ ತೂರಿಸಿ, ಸೀಳಿನಲ್ಲಿ ಒಂದು ರೂಪಾಯಿ ನಾಣ್ಯ ಇಟ್ಟು ಬಿಗಿಯಿರಿ. ಬೋಲ್ಟಿನ ತುದಿ ನಾಣ್ಯವನ್ನು ಒತ್ತಿ ಆಚೆ ಕಿವಿಯನ್ನು ದೂಡುತ್ತದೆ, ಕ್ಲಾಂಪ್ ಸಮವಾಗಿ ತೆರೆಯುತ್ತದೆ. ನಟ್ಟು ಹಾಕುವ ಮಾದರಿಗೆ ಅಗಲ ಸ್ಕ್ರೂಡ್ರೈವರನ್ನು ಸೀಳಿಗೆ ತೂರಿಸಿ ನಿಧಾನವಾಗಿ ತಿರುಗಿಸಿ. ಉಕ್ಕಿಗೆ ಎರಡು ಮಿ.ಮೀ. ಅಗಲಿಸುವುದು ದೊಡ್ಡದಲ್ಲ. ಅಲ್ಯೂಮಿನಿಯಂಗೆ ಒಂದು ಮಿ.ಮೀ. ಮೀರಿದರೆ ಹಿಂಬದಿಯಲ್ಲಿ ಬಿರುಕು ಬರಬಹುದು.

ಬಾರಿನ ನಡುಭಾಗ, ಕ್ಲಾಂಪಿನ ಒಳಮೈ ಎರಡನ್ನೂ ಥಿನ್ನರಿನಲ್ಲಿ ಒರೆಸಿ. ಸೀಮೆಎಣ್ಣೆ, ಪೆಟ್ರೋಲ್ ತಾವೇ ಜಿಡ್ಡು ಬಿಡುತ್ತವೆ, ಅವುಗಳಲ್ಲಿ ತೊಳೆದರೆ ಕೊನೆಗೆ ಪಾತ್ರೆ ತೊಳೆಯುವ ಸೋಪಿನ ನೀರಿನಲ್ಲಿ ಇನ್ನೊಮ್ಮೆ ತೊಳೆದು ಒಣಗಿಸಬೇಕು. ಪಟ್ಟಿಯನ್ನು ಬಾರಿಗೆ ಸುತ್ತಿ, ತೆರಪು ಸೀಳಿನ ಕಡೆ ಬರುವಂತೆ ಹಿಡಿದು, ಕ್ಲಾಂಪನ್ನು ಅದರ ಮೇಲೆ ತಂದು ನಿಲ್ಲಿಸಿ. ಪಟ್ಟಿ ಮಡಚಿಕೊಂಡರೆ ಒತ್ತಿ ತಳ್ಳಬೇಡಿ, ಹೊರತೆಗೆದು ಹೊಸದು ಕತ್ತರಿಸಿ. ಹೊರಗೆ ಉಳಿದ ಒಂದೊಂದು ಮಿ.ಮೀ. ಅಂಚನ್ನು ಬಿಗಿದ ಮೇಲೆ ಸುತ್ತಿಗೆಯ ಹಿಡಿಯಿಂದ ತಟ್ಟಿ ಕ್ಲಾಂಪಿನ ಬದಿಗೆ ಬಗ್ಗಿಸಿದರೆ ಪಟ್ಟಿ ಬದಿಗೆ ತೆವಳುವುದಿಲ್ಲ.

ಸಡಿಲ ದೊಡ್ಡದಾಗಿರುವ ಒಂದು ಪ್ರಸಂಗ ಮೇಲಿಂದ ಮೇಲೆ ಬರುತ್ತದೆ: 25.4ರ ಸ್ಟೆಮ್ಮಿಗೆ 22.2 ಮಿ.ಮೀ. ನಡುಭಾಗದ ಬಾರು. ತೆರಪು ಸುತ್ತಲೂ 1.6 ಮಿ.ಮೀ., ಯಾವ ಡಬ್ಬಿಯೂ ಇದನ್ನು ತುಂಬುವುದಿಲ್ಲ. ಫ್ಯಾಬ್ರಿಕೇಶನ್ ಶಾಪಿನಲ್ಲಿ ಒಂದು ಇಂಚಿನ, 16 ಗೇಜಿನ ಉಕ್ಕಿನ ದುಂಡು ಪೈಪಿನ ತುಂಡು ಕೇಳಿ. ಹೊರ ವ್ಯಾಸ 25.4, ಗೋಡೆ 1.63, ಒಳಗೆ ಉಳಿಯುವುದು 22.1. ಹೇಳಿ ಮಾಡಿಸಿದ ಅಳತೆ. ಕ್ಲಾಂಪಿನ ಅಗಲಕ್ಕೆ ಕತ್ತರಿಸಿ, ಉದ್ದಕ್ಕೆ ಹ್ಯಾಕ್ಸಾದಿಂದ ಒಂದು ಸೀಳು ಹಾಕಿ, ಒಳಗಿನ ಬೆಸುಗೆ ಗೆರೆಯನ್ನು ದುಂಡು ಅರದಿಂದ ಉಜ್ಜಿ ಮಟ್ಟ ಮಾಡಿ. ಆ ಗೆರೆ ಉಳಿದರೆ ಬಾರು ಅದರ ಮೇಲೇ ಕೂರುತ್ತದೆ. ಪೈಪಿನ ಸೀಳೂ ಸ್ಟೆಮ್ಮಿನ ಸೀಳೂ ಒಂದೇ ಸಾಲಿಗೆ ಬರಲಿ.

ಅಳತೆ ಸರಿ, ಆದರೂ ಜಾರುತ್ತದೆ

ಉಕ್ಕಿನ ಬಾರುಗಳ ನಡುವೆ ಒರಟು ಗೆರೆಗಳ ಒಂದು ಪಟ್ಟೆ ಇರುತ್ತದೆ. ಎಷ್ಟೋ ಸಲ ತಿರುಗಿ ತಿರುಗಿ ಆ ಗೆರೆಗಳು ನುಣ್ಣಗಾಗಿರುತ್ತವೆ, ಕ್ಲಾಂಪಿನ ಒಳಗೂ ಹೊಳಪು ಬಂದಿರುತ್ತದೆ. ಸುಲಭದ ಮದ್ದು ಎಮರಿ ಬಟ್ಟೆ, ಅಂದರೆ ಬಟ್ಟೆಯ ಬೆನ್ನಿನ ಉಪ್ಪುಕಾಗದ. 120 ನಂಬರಿನದ್ದು, ಹರಳು ಬಾರಿನ ಕಡೆಗೆ, ಸೀಳಿನ ಕಡೆ 5 ಮಿ.ಮೀ. ತೆರಪು ಬಿಟ್ಟು ಸುತ್ತಿ. ಕಾಗದದ ಬೆನ್ನಿನದು ಬೇಡ, ನೆನೆದರೆ ಕೊಳೆಯುತ್ತದೆ. ಬಟ್ಟೆಯ ಬೆನ್ನೂ ಮೊದಲ ಕೆಲವು ದಿನ ಒತ್ತಿ ತೆಳುವಾಗುತ್ತದೆ, ಆದ್ದರಿಂದ ಒಂದು ವಾರ ಬಿಟ್ಟು ಬೋಲ್ಟನ್ನು ಮತ್ತೊಮ್ಮೆ ಬಿಗಿ ಮಾಡಲೇಬೇಕು. ಎಮರಿಗೂ ದಪ್ಪ ಇದೆ ಎಂಬುದು ನೆನಪಿರಲಿ. ಸೀಳು ವಿಪರೀತ ತೆರೆದು ಬೋಲ್ಟಿಗೆ ನಟ್ಟು ಪೂರ್ತಿ ಕೂರದಿದ್ದರೆ ಈ ಉಪಾಯ ಬಿಡಿ.

ಹೆಚ್ಚು ಕಾಲ ಬಾಳುವುದು ಸೆಂಟರ್ ಪಂಚಿನ (ಲೋಹದಲ್ಲಿ ಚುಕ್ಕಿ ಹೊಡೆಯುವ ಚೂಪು ಮೊನೆಯ ಉಳಿಯ) ಕೆಲಸ. ಬಾರಿನ ನಡುಭಾಗವನ್ನು ವಿ ಆಕಾರದ ತೋಡು ಕೊರೆದ ಗಟ್ಟಿ ಮರದ ತುಂಡಿನ ಮೇಲಿಟ್ಟು, ಕ್ಲಾಂಪಿನೊಳಗೆ ಹೋಗುವ ಜಾಗದಲ್ಲಿ ಮಾತ್ರ 3 ಮಿ.ಮೀ.ಗೊಂದರಂತೆ ಚುಕ್ಕಿ ಹೊಡೆಯಿರಿ. ಸಾಲು ಸಾಲಾಗಿ ಬೇಡ, ಮೇಲಿನ ಸಾಲಿನ ಎರಡು ಚುಕ್ಕಿಗಳ ನಡುವೆ ಕೆಳಗಿನ ಸಾಲಿನ ಚುಕ್ಕಿ ಬರಲಿ. ಪೆಟ್ಟು ಹಗುರ: ಚುಕ್ಕಿಯ ಸುತ್ತ ಏಳುವ ಸಣ್ಣ ದಡವೇ ಕಚ್ಚುವುದು, ಆಳದಿಂದ ಏನೂ ಲಾಭವಿಲ್ಲ. ಕ್ರೋಮ್ ಪೊರೆ ಚೂರಾಗಿ ಸಿಡಿಯುತ್ತದೆ, ಕನ್ನಡಕ ಬೇಕು. ಇದು ಉಕ್ಕಿಗೆ ಮಾತ್ರ. ಅಲ್ಯೂಮಿನಿಯಂ ಬಾರಿನಲ್ಲಿ ಪ್ರತಿ ಚುಕ್ಕಿಯೂ ಬಿರುಕು ಹುಟ್ಟುವ ಜಾಗ, ಹ್ಯಾಂಡಲ್ ಮುನ್ಸೂಚನೆ ಇಲ್ಲದೆ ಮುರಿಯುತ್ತದೆ. ಅದೇ ಕಾರಣಕ್ಕೆ ಸ್ಟೆಮ್ಮೂ ಬಾರೂ ಸೇರಿಸಿ ತೂತು ಕೊರೆದು ಬೋಲ್ಟ್ ಹಾಕುವುದನ್ನು ಉಕ್ಕಿನಲ್ಲೂ ಮಾಡಬೇಡಿ. ಬಾಗುವ ಬಲ ಅತಿ ಹೆಚ್ಚು ಬೀಳುವ ಜಾಗದಲ್ಲೇ ತೂತು ಬೀಳುತ್ತದೆ. ವೆಲ್ಡಿಂಗ್ ಕೂಡ ಬೇಡ: ಕಾದ ಕ್ರೋಮಿನ ಹೊಗೆ ವಿಷ, ಬೆಸುಗೆಯ ಪಕ್ಕದ ತೆಳು ಗೋಡೆ ದುರ್ಬಲವಾಗುತ್ತದೆ, ಮುಂದೆ ಏನನ್ನೂ ಬಿಚ್ಚಲಾಗದು.

ಸ್ಟೆಮ್ ಓರೆಯಾಗುವುದು

ಓರೆಯಾದ ಹ್ಯಾಂಡಲನ್ನು ಮುಂದಿನ ಚಕ್ರ ತೊಡೆಗಳ ನಡುವೆ ಹಿಡಿದು ತಿರುಚಿ ನೇರ ಮಾಡುವುದು ಎಲ್ಲರಿಗೂ ಗೊತ್ತು. ಅದು ಸುಲಭವಾಗಿ ತಿರುಗಿತು ಅಂದರೆ ಒಳಗಿನ ಕೋನ್ ಹಿಡಿಯುತ್ತಿಲ್ಲ. ಸ್ಟೆಮ್ಮಿನ ತಲೆಯಿಂದ ಒಂದು ಉದ್ದ ಬೋಲ್ಟ್ ಇಳಿದು, ಕೆಳಗಿನ ಕೋನನ್ನು ಮೇಲಕ್ಕೆಳೆದು, ಸ್ಟೆಮ್ಮಿನ ಸೀಳಿದ ತುದಿಯನ್ನು ಅಗಲಿಸಿ ಫೋರ್ಕಿನ ಕೊಳವೆಗೆ ಒತ್ತುತ್ತದೆ. ಹೊಸ ಸೈಕಲ್ಲುಗಳಲ್ಲಿ ಕೋನಿನ ಬದಲು ಓರೆಯಾಗಿ ಕತ್ತರಿಸಿದ ತುಂಡು ಇರುತ್ತದೆ, ಕೆಲಸ ಅದೇ.

ಬೋಲ್ಟನ್ನು ಮೂರು ನಾಲ್ಕು ಸುತ್ತು ಸಡಿಲಿಸಿ, ಪೂರ್ತಿ ಬಿಚ್ಚಬೇಡಿ. ತಲೆಯ ಮೇಲೆ ಮರದ ತುಂಡಿಟ್ಟು ಸುತ್ತಿಗೆಯಿಂದ ಒಂದು ಪೆಟ್ಟು. ಕೋನ್ ಕಳಚಿ ಬೋಲ್ಟಿನ ತಲೆ ಕೆಳಗಿಳಿಯುತ್ತದೆ, ಹ್ಯಾಂಡಲ್ ಮೇಲೆ ಬರುತ್ತದೆ. ಬಾರದಿದ್ದರೆ ತುಕ್ಕು, ಮೇಲಿನಿಂದ ಸೀಮೆಎಣ್ಣೆ ಬಿಟ್ಟು ರಾತ್ರಿಯೆಲ್ಲ ನೆನೆಯಲಿ. ಹೊರಬಂದ ಮೇಲೆ ಕೋನನ್ನು ನೋಡಿ. ಅದರ ಪಕ್ಕದ ಸಣ್ಣ ಕಿವಿಗಳು ಸ್ಟೆಮ್ಮಿನ ಸೀಳಿನಲ್ಲಿ ಕೂತು ಕೋನ್ ತಿರುಗದಂತೆ ತಡೆಯುತ್ತವೆ. ಅವು ಮುರಿದಿದ್ದರೆ ಬೋಲ್ಟಿನ ಜೊತೆ ಕೋನೂ ತಿರುಗುತ್ತಾ ಇರುತ್ತದೆ. ಹ್ಯಾಂಡಲನ್ನು ಮೇಲಕ್ಕೆ ಎಳೆದು ಹಿಡಿದು ಬಿಗಿದರೆ ಸದ್ಯಕ್ಕೆ ಕಚ್ಚಬಹುದು, ಆದರೆ ಹೊಸ ಕೋನ್ ಹಾಕುವುದೇ ಸರಿ, ಬಿಡಿಭಾಗದ ಅಂಗಡಿಯಲ್ಲಿ ಸಿಗುತ್ತದೆ. ಬೋಲ್ಟ್ ಗಟ್ಟಿಯಾಗಿ ನಿಂತೂ ಹ್ಯಾಂಡಲ್ ಸಡಿಲವಿದ್ದರೆ ಥ್ರೆಡ್ ಕೊನೆ ಮುಟ್ಟಿದೆ. ತಲೆಯಡಿ ಒಂದೆರಡು ವಾಷರ್ ಸೇರಿಸಿದರೆ ಕೋನ್ ಇನ್ನಷ್ಟು ಮೇಲೆ ಬರುತ್ತದೆ.

ಗ್ರೀಸ್ ಎಲ್ಲಿ ಎಂಬುದು ಇಲ್ಲಿಯೂ ಮುಖ್ಯ. ಬೋಲ್ಟಿನ ಥ್ರೆಡ್, ತಲೆಯ ಅಡಿ, ಕೋನಿನ ಇಳಿಜಾರು: ಈ ಮೂರು ಕಡೆ ಗ್ರೀಸ್. ಸ್ಟೆಮ್ಮಿನ ತುದಿ ಕೊಳವೆಯನ್ನು ಒತ್ತುವ ಹೊರಮೈಯನ್ನು ಥಿನ್ನರಿನಲ್ಲಿ ಒರೆಸಿ, ಎಮರಿಯಿಂದ ಉದ್ದಕ್ಕೆ ಗೆರೆ ಬೀಳುವಂತೆ ಉಜ್ಜಿ. ಅಡ್ಡ ಗೆರೆ ಬಿದ್ದರೆ ಅದು ತಿರುಗುವ ದಿಕ್ಕಿಗೇ ದಾರಿಯಾಗುತ್ತದೆ. ಕೊಳವೆಯ ಒಳಗನ್ನು ಕೋಲಿಗೆ ಬಟ್ಟೆ ಸುತ್ತಿ ಒರೆಸಿ, ಬೇರಿಂಗಿನ ಗ್ರೀಸ್ ಅಲ್ಲಿಗೆ ಇಳಿದಿರುತ್ತದೆ. ಇಲ್ಲಿ ತಗಡಿನ ಪಟ್ಟಿ ಹಾಕಬೇಡಿ, ಕೋನ್ ಹಿಗ್ಗುವ ವ್ಯಾಪ್ತಿ ಸರಿಯಾದ ಅಳತೆಯ ಸ್ಟೆಮ್ಮಿಗೆ ಧಾರಾಳ ಸಾಕು. ಎತ್ತರ ಹೊಂದಿಸುವಾಗ ಸ್ಟೆಮ್ ಕನಿಷ್ಠ 65 ಮಿ.ಮೀ. ಒಳಗಿರಲಿ, ಸ್ಟೆಮ್ಮಿನ ಮೇಲಿರುವ ಕನಿಷ್ಠ ಆಳದ ಗುರುತು ಕಾಣುವಂತೆ ಎಳೆಯಬೇಡಿ. ಬಿಗಿ 17ರಿಂದ 20 ನ್ಯೂಟನ್ ಮೀಟರ್. ಕಡ್ಡಿ ಬ್ರೇಕಿನ ಸೈಕಲ್ಲಿನಲ್ಲಿ ಹ್ಯಾಂಡಲ್ ಎತ್ತರ ಬದಲಾದರೆ ಕಡ್ಡಿಗಳ ಉದ್ದವನ್ನೂ ಹೊಂದಿಸಿದ ಮೇಲೆಯೇ ಓಡಿಸಿ.

ನಾಲ್ಕು ಬೋಲ್ಟಿನ ಮುಖಫಲಕ ಇರುವ ಗೇರ್ ಸೈಕಲ್ಲುಗಳ ವಿಷಯ ಚಿಕ್ಕದು. ಫಲಕದ ಮೇಲಿನ ಮತ್ತು ಕೆಳಗಿನ ತೆರಪು ಒಂದೇ ಸಮ ಇರುವಂತೆ ಬೋಲ್ಟುಗಳನ್ನು ಮೂಲೆಯಿಂದ ಮೂಲೆಗೆ ಸ್ವಲ್ಪ ಸ್ವಲ್ಪವೇ ಬಿಗಿಯಿರಿ, 5 ಮಿ.ಮೀ. ಬೋಲ್ಟುಗಳಿಗೆ ಸಾಮಾನ್ಯವಾಗಿ 5 ನ್ಯೂಟನ್ ಮೀಟರ್ ಆಸುಪಾಸು. ಹ್ಯಾಂಡಲ್ ಓರೆಯಾಗುತ್ತಿದ್ದರೆ ಬಿಗಿ ಮಾಡಬೇಕಾದದ್ದು ಸ್ಟೆಮ್ಮಿನ ಹಿಂಬದಿಯ ಎರಡು ಬೋಲ್ಟ್. ನೆತ್ತಿಯ ಮುಚ್ಚಳದ ಬೋಲ್ಟ್ ಬೇರಿಂಗ್ ಹೊಂದಿಸುವುದಕ್ಕೆ ಮಾತ್ರ. ಕಾರ್ಬನ್ ಬಾರಿಗೆ ತಗಡು, ಎಮರಿ, ಪಂಚು ಯಾವುದೂ ಬೇಡ.

ಪರೀಕ್ಷೆ

ಕೆಲಸ ಮುಗಿದ ಮೇಲೆ ಮುಂದಿನ ಚಕ್ರವನ್ನು ಗೋಡೆಗೆ ಆನಿಸಿ, ಎರಡೂ ಗ್ರಿಪ್ಪುಗಳ ಮೇಲೆ ಮೈಭಾರ ಬಿಟ್ಟು ಜೋರಾಗಿ ಒತ್ತಿ. ಆಮೇಲೆ ಬಾರಿನಿಂದ ಕ್ಲಾಂಪಿನ ಮೇಲೆ ಹಾಯುವಂತೆ ಉಗುರುಬಣ್ಣದ ಒಂದು ಸಣ್ಣ ಗೆರೆ ಎಳೆಯಿರಿ, ಸ್ಟೆಮ್ಮಿನಿಂದ ಹೆಡ್‌ಸೆಟ್ ನಟ್ಟಿನ (ಸ್ಟೆಮ್ಮಿನ ಬುಡದಲ್ಲಿ ಬೇರಿಂಗ್ ಹಿಡಿಯುವ ನಟ್ಟಿನ) ಮೇಲೆ ಇನ್ನೊಂದು. ಅರ್ಧ ಮಿ.ಮೀ. ಸರಿದರೂ ಗೆರೆ ಒಡೆದು ಕಾಣುತ್ತದೆ. ಹೊಸ ಪಟ್ಟಿ ಒತ್ತಿ ಕೂರಲು ಇಪ್ಪತ್ತು ಮೂವತ್ತು ಕಿ.ಮೀ. ಓಡಾಟ ಬೇಕು, ಅಷ್ಟಾದ ಮೇಲೆ ಬೋಲ್ಟನ್ನು ಅದೇ ಬಲಕ್ಕೆ ಮತ್ತೆ ಬಿಗಿಯಿರಿ. ಅದಾದ ಮೇಲೂ ಗೆರೆ ಒಡೆದರೆ ಕ್ಲಾಂಪಿನ ಹಿಂಬದಿಯನ್ನು, ಕಿವಿಗಳ ಬುಡವನ್ನು ಒರೆಸಿ ಬೆಳಕಿನಲ್ಲಿ ನೋಡಿ. ಕೂದಲೆಳೆಯಷ್ಟು ಬಿರುಕು ಕಂಡರೂ ಆ ಸ್ಟೆಮ್ ಗುಜರಿಗೆ.